ಆಲಿಕಲ್ಲು ಎಷ್ಟು ದಪ್ಪ ಆದರೆ ಅದು ದೇವರದ್ದು? ಸೋಲಾರ್ ಪ್ಯಾನೆಲ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಸೋಲಾರ್ ಪ್ಯಾನೆಲ್ ತಯಾರಿಸುವವರಿಗೆ, ಮಾರುವವರಿಗೆ, ಮತ್ತು ಅವುಗಳ ವಾರಂಟಿ ಪತ್ರಕ್ಕೆ ಅಕ್ಷರ ಪೋಣಿಸುವ ವಕೀಲರಿಗೆ,

ನಮಸ್ಕಾರ.

ನಿಮ್ಮಲ್ಲೇ ಒಬ್ಬರು ನನಗೆ ಕೊಟ್ಟ ವಾರಂಟಿ ಪತ್ರ ನನ್ನ ಮುಂದಿದೆ. ಮೊದಲ ಪುಟದಲ್ಲಿ '25 ವರ್ಷ' ಅನ್ನೋದು ಅಂಗೈ ಅಗಲ ಅಚ್ಚಾಗಿದೆ. ನಾಲ್ಕನೇ ಪುಟದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಈ ವಾರಂಟಿ ಯಾವುದಕ್ಕೆಲ್ಲ ಸಿಗುವುದಿಲ್ಲ ಅನ್ನುವ ಪಟ್ಟಿ ಇದೆ. ಸಿಡಿಲು, ಪ್ರವಾಹ, ಬಿರುಗಾಳಿ, ಆಲಿಕಲ್ಲು, ಹಿಮ, ಭೂಕಂಪ, ಬೆಂಕಿ, ಉಪ್ಪುಗಾಳಿ, ಇಲಿ, ಹಕ್ಕಿ. ಕೊನೆಗೆ 'ಕಂಪನಿಯ ಹಿಡಿತದಲ್ಲಿಲ್ಲದ ಇತರ ಎಲ್ಲ ಕಾರಣಗಳು'. ಎರಡು ಸಲ ಓದಿದೆ. ಬಿಸಿಲು ಒಂದು ಬಿಟ್ಟು ಆಕಾಶದಿಂದ ಬರುವುದೆಲ್ಲ ಅದರಲ್ಲಿತ್ತು.

ಸೋಲಾರ್ ಪ್ಯಾನೆಲ್‌ಗೆ ಇರುವುದು ಒಂದೇ ಕೆಲಸ. ಬಯಲಲ್ಲಿ ಬಿದ್ದಿರುವುದು. ಫ್ರಿಜ್‌ನಂತೆ ಅದು ಮನೆಯೊಳಗೆ ಕೂರುವ ವಸ್ತುವಲ್ಲ. ಮಳೆ ಬಂತು ಅಂತ ಯಾರೂ ಅದನ್ನು ಮಡಚಿ ಒಳಗಿಡುವುದಿಲ್ಲ. ಹಾಗಿರುವಾಗ ಹವಾಮಾನವನ್ನೇ ಪೂರ್ತಿ ಹೊರಗಿಟ್ಟು ಬರೆದ 25 ವರ್ಷದ ಮಾತಿಗೆ ಏನು ಅರ್ಥ? ಇದನ್ನು ಕೇಳೋಕೆ ನನಗೊಂದು ಕಾರಣ ಸಿಕ್ಕಿದೆ, ಅದನ್ನೇ ಮೊದಲು ಹೇಳುತ್ತೇನೆ.

ನನ್ನ ತಾರಸಿಯ ಮೇಲೆ 14 ಪ್ಯಾನೆಲ್‌ಗಳಿದ್ದವು. ನಾಲ್ಕು ವರ್ಷ ಯಾವ ತಕರಾರೂ ಇರಲಿಲ್ಲ. ಒಂದು ಸಂಜೆ ಹತ್ತು ನಿಮಿಷ ಆಲಿಕಲ್ಲು ಬಿತ್ತು. ಗಾಳಿ ಜೋರಾಗಿತ್ತು. ನಿಂತ ಮೇಲೆ ಹೋಗಿ ನೋಡಿದರೆ ಎರಡು ಪ್ಯಾನೆಲ್‌ಗಳ ಗಾಜು ಜೇಡರ ಬಲೆಯಂತೆ ಸೀಳಿತ್ತು. ಉಳಿದ 12 ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದವು. ಏನು ತೋಚಿತೋ ಏನೋ, ಒಂದು ಬೊಗಸೆ ಕಲ್ಲು ಬಾಚಿ ಫ್ರೀಜರ್‌ನಲ್ಲಿಟ್ಟೆ. ಮಾರನೆಯ ದಿನ ಸ್ಕೇಲ್ ಪಕ್ಕ ಇಟ್ಟು ಫೋಟೋ ತೆಗೆದೆ. ಎಲ್ಲಕ್ಕಿಂತ ದೊಡ್ಡದು 23 ಮಿ.ಮೀ. ಇತ್ತು. ಬಾಚುವ ಹೊತ್ತಿಗೆ ಒಂದಿಷ್ಟು ಕರಗಿರಬಹುದು, ಒಪ್ಪುತ್ತೇನೆ. ಆದರೂ ಆ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪನಿಗೆ ಬರೆದೆ. ಎರಡು ಸಾಲಿನ ಉತ್ತರ ಬಂತು: ಇದು ಪ್ರಕೃತಿ ವಿಕೋಪ (ವಕೀಲರ ಭಾಷೆಯಲ್ಲಿ 'ದೇವರ ಕೃತ್ಯ'), ವಾರಂಟಿಗೆ ಸೇರುವುದಿಲ್ಲ. ಹಾಕಿಕೊಟ್ಟವರನ್ನು ಕೇಳಿದರೆ ಕಂಪನಿಯನ್ನು ಕೇಳಿ ಅಂದರು. ವಿಮೆಯವರು ಎರಡು ಒಡೆದ ಪ್ಯಾನೆಲ್‌ಗಳ ಲೆಕ್ಕ ಬರೆದುಕೊಂಡು ಹೋದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಒಂದು ತಿಂಗಳಾದ ಮೇಲೆ ನೋಡಿದರೆ, ಉಳಿದ 12ರ ಉತ್ಪಾದನೆಯೂ ಇಳಿಯುತ್ತಾ ಬಂದಿತ್ತು.

ಈಗ ಆ 23ರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ಯಾನೆಲ್‌ನ ವಿವರ ಪತ್ರದಲ್ಲಿ 'ಐಇಸಿ 61215 ಪ್ರಮಾಣಿತ' ಅಂತ ಹೆಮ್ಮೆಯಿಂದ ಹಾಕಿರುತ್ತೀರಿ. ಐಇಸಿ ಅಂದರೆ ವಿದ್ಯುತ್ ಉಪಕರಣಗಳಿಗೆ ಮಾನದಂಡ ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ. 1993ರಲ್ಲಿ ಮೊದಲು ಬಂದ ಈ ಮಾನದಂಡದಲ್ಲಿ ಆಲಿಕಲ್ಲಿನ ಪರೀಕ್ಷೆಯೂ ಒಂದು. 25 ಮಿ.ಮೀ. ದಪ್ಪದ, ಏಳೂವರೆ ಗ್ರಾಂ ತೂಕದ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 83 ಕಿ.ಮೀ. ವೇಗದಲ್ಲಿ, ಪ್ಯಾನೆಲ್‌ನ 11 ಜಾಗಗಳಿಗೆ ಹೊಡೆಯುತ್ತಾರೆ. ಮೂಲೆಗೆ, ಅಂಚಿಗೆ, ಪ್ಯಾನೆಲ್ ಹಿಡಿದಿಡುವ ಕ್ಲ್ಯಾಂಪ್ ಪಕ್ಕಕ್ಕೆ, ಗಾಜು ಎಲ್ಲೆಲ್ಲಿ ದುರ್ಬಲವೋ ಅಲ್ಲಿಗೆ. ಗಾಜು ಒಡೆಯಬಾರದು, ಶಕ್ತಿ ಶೇ 5ಕ್ಕಿಂತ ಜಾಸ್ತಿ ಇಳಿಯಬಾರದು. ಆಗ ಪಾಸ್.

ಅಂದರೆ 25 ಮಿ.ಮೀ. ಆಲಿಕಲ್ಲು ತಡೆಯುತ್ತದೆ ಅಂತ ಪರೀಕ್ಷೆ ಪಾಸು ಮಾಡಿಸಿ, ಆ ಮುದ್ರೆ ತೋರಿಸಿ ಮಾರುತ್ತೀರಿ. 23 ಮಿ.ಮೀ. ಕಲ್ಲಿಗೆ ಒಡೆದರೆ ದೇವರ ಕಡೆ ಬೆರಳು ತೋರಿಸುತ್ತೀರಿ. ಮಾರುವಾಗ ನಿಮ್ಮದಾಗಿದ್ದ ಆಲಿಕಲ್ಲು ಬಿದ್ದ ಮೇಲೆ ದೇವರದ್ದು ಹೇಗಾಯಿತು? ಈ ಪತ್ರದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ.

ಎಂಥ ಕಲ್ಲು ಬಿದ್ದರೂ ನೀವೇ ಹೊಣೆ ಅಂತ ನಾನು ಹೇಳುತ್ತಿಲ್ಲ. ಆಲಿಕಲ್ಲಿನ ಲೆಕ್ಕ ಬಹಳ ಕ್ರೂರ. ದಪ್ಪ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಬೀಳುವ ವೇಗವೂ ಸುಮಾರು 1.4 ಪಟ್ಟಿಗೆ ಏರುತ್ತದೆ. ಹೊಡೆತಕ್ಕೆ ವೇಗದ ವರ್ಗ ಲೆಕ್ಕ, ಹಾಗಾಗಿ ಎರಡೂ ಸೇರಿ ಹೊಡೆತದ ಶಕ್ತಿ ಸುಮಾರು ಹದಿನಾರು ಪಟ್ಟು. 25 ಮಿ.ಮೀ. ಗುಂಡು ಕೊಡುವ ಪೆಟ್ಟು ಸುಮಾರು 2 ಜೂಲ್ ಆದರೆ 50 ಮಿ.ಮೀ. ಕಲ್ಲಿನದ್ದು 30 ಜೂಲ್ ದಾಟುತ್ತದೆ. ಹಾಗಾಗಿ '25 ಪಾಸಾಗಿದೆ, 50ಕ್ಕೆ ಸ್ವಲ್ಪ ಕಷ್ಟವಾಗಬಹುದು' ಅನ್ನೋ ಮಾತೇ ಇಲ್ಲ. ಅದು ಬೇರೆಯೇ ಪ್ರಾಣಿ. 2019ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್‌ನ ಮಿಡ್‌ವೇ ಸೋಲಾರ್ ಸ್ಥಾವರದ ಮೇಲೆ ಆಲಿಕಲ್ಲು ಬಿದ್ದಾಗ ಅಲ್ಲಿದ್ದ 6.85 ಲಕ್ಷ ಪ್ಯಾನೆಲ್‌ಗಳಲ್ಲಿ ಸುಮಾರು 4 ಲಕ್ಷ ಹಾಳಾದವು. ಅದಕ್ಕೆ ಎರಡು ವರ್ಷ ಮೊದಲು, 2017ರ ಮೇ ತಿಂಗಳಲ್ಲಿ, ಅದೇ ದೇಶದ ಕೊಲೊರಾಡೋದ ಗೋಲ್ಡನ್‌ನಲ್ಲಿರುವ, ಆಗ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಅನ್ನೋ ಹೆಸರಿದ್ದ ಸಂಸ್ಥೆಯ ಮೇಲೂ ಭಾರಿ ಆಲಿಕಲ್ಲು ಸುರಿದಿತ್ತು. ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ಯಾನೆಲ್‌ಗಳಲ್ಲಿ ಒಡೆದದ್ದು ಒಂದೇ ಒಂದು. ಕಲ್ಲಿನ ಗಾತ್ರ, ಗಾಳಿಯ ದಿಕ್ಕು, ಪ್ಯಾನೆಲ್ ಎಷ್ಟು ಓರೆಯಾಗಿದೆ, ಗಾಜು ಎಷ್ಟು ದಪ್ಪ, ಇಷ್ಟರ ಮೇಲೆ ಎಲ್ಲ ನಿಂತಿದೆ. ಇದರಲ್ಲಿ ಕೊನೆಯದು ಪೂರ್ತಿ ನಿಮ್ಮ ಕೈಯಲ್ಲಿದೆ.

ಗಾಜಿನ ಮಾತು ಬಂತಲ್ಲ, ಒಂದು ನಿಮಿಷ ಅಲ್ಲೇ ನಿಲ್ಲುತ್ತೇನೆ. ಮೊದಲೆಲ್ಲ ಮುಂಭಾಗದಲ್ಲಿ 3.2 ಮಿ.ಮೀ.ನ ಟೆಂಪರ್ಡ್ (ಕಾಯಿಸಿ, ಥಟ್ಟನೆ ತಣಿಸಿ ಗಟ್ಟಿ ಮಾಡಿದ) ಗಾಜು, ಹಿಂಭಾಗದಲ್ಲಿ ಪ್ಲಾಸ್ಟಿಕ್ ಹಾಳೆ ಇರುತ್ತಿತ್ತು. ಈಗ ಹಲವು ಪ್ಯಾನೆಲ್‌ಗಳಲ್ಲಿ ಎರಡೂ ಕಡೆ 2 ಮಿ.ಮೀ. ಗಾಜು. 'ಡಬಲ್ ಗ್ಲಾಸ್' ಅಂದ ಕೂಡಲೇ ಕೇಳುವವರಿಗೆ ಗಟ್ಟಿ ಅನ್ನಿಸುತ್ತದೆ, ಅಲ್ವಾ? ತೇವ ತಡೆಯುವುದರಲ್ಲಿ ಅದು ನಿಜವಾಗಿಯೂ ಒಳ್ಳೆಯದು. ಆದರೆ ಮೇಲಿಂದ ಬೀಳುವ ಕಲ್ಲಿಗೆ ಎದುರಾಗುವುದು ಮುಂದಿನ ಗಾಜು ಮಾತ್ರ. ಅದು ತೆಳ್ಳಗಾಗಿದೆ, ಜೊತೆಗೆ ಸಾಮಾನ್ಯವಾಗಿ ಪೂರ್ತಿ ಟೆಂಪರ್ ಆಗಿರುವುದೂ ಇಲ್ಲ. ಪ್ಯಾನೆಲ್ ಮಾತ್ರ ಬೆಳೆಯುತ್ತಲೇ ಇದೆ. ಒಂದು ಕಾಲಕ್ಕೆ ಒಂದೂವರೆ ಚದರ ಮೀಟರ್ ಚಿಲ್ಲರೆ ಇದ್ದದ್ದು ಈಗ ಎರಡೂವರೆ, ಮೂರು ಚದರ ಮೀಟರ್ ತನಕ ಹೋಗಿದೆ. ಚಾಪೆ ಹಿಗ್ಗಿತು, ದಪ್ಪ ಕುಗ್ಗಿತು, ವಾರಂಟಿಯ ವರ್ಷ ಮಾತ್ರ 25ರಿಂದ 30ಕ್ಕೆ ಏರಿತು.

ಗಾಳಿಯ ವಿಷಯದಲ್ಲೂ ಇಂಥದ್ದೇ ಒಂದು ಚಮತ್ಕಾರವಿದೆ. ವಿವರ ಪತ್ರದಲ್ಲಿ ದಪ್ಪಕ್ಷರದಲ್ಲಿ '5400 ಪಾಸ್ಕಲ್, 2400 ಪಾಸ್ಕಲ್' ಅಂತ ಇರುತ್ತದೆ. ಪಾಸ್ಕಲ್ ಅಂದರೆ ಒತ್ತಡದ ಅಳತೆ. ಮೊದಲನೆಯದು ಮೇಲಿಂದ ಒತ್ತುವ ಭಾರ, ಮುಖ್ಯವಾಗಿ ಹಿಮದ್ದು. ಎರಡನೆಯದು ಗಾಳಿಯ ಎಳೆತ. ಆದರೆ ಅದು ಪರೀಕ್ಷೆಯಲ್ಲಿ ಹೇರಿದ ಭಾರ. ಅದನ್ನು ಒಂದೂವರೆಯಿಂದ ಭಾಗಿಸಿದಾಗ ಸಿಗುವುದೇ ಪ್ಯಾನೆಲ್ ನಿಜವಾಗಿ ಹೊರಬೇಕಾದ ಭಾರ: 3600 ಮತ್ತು 1600. ಕೆಳಗೆಲ್ಲೋ ಚುಕ್ಕಿ ಹಾಕಿ ಬರೆದಿರುತ್ತೀರಿ, ಇಲ್ಲವೇ ಬರೆದೇ ಇರುವುದಿಲ್ಲ. ಅದೂ ಕ್ಲ್ಯಾಂಪ್‌ಗಳು ನೀವು ಹೇಳಿದ ಜಾಗದಲ್ಲೇ ಇದ್ದರೆ ಮಾತ್ರ. ಒಂದು ಗೇಣು ಆಚೀಚೆ ಆದರೂ ಲೆಕ್ಕ ಬದಲು. ಪರೀಕ್ಷೆಯಲ್ಲಿ ಭಾರವನ್ನು ನಿಧಾನಕ್ಕೆ ಹೇರಿ, ಗಂಟೆಗಟ್ಟಲೆ ಹಾಗೇ ಇಟ್ಟು ನೋಡುತ್ತಾರೆ. ಬಿರುಗಾಳಿ ಹಾಗೆ ಸಮಾಧಾನದಿಂದ ಒತ್ತುತ್ತದೆಯೇ? ಅದು ಎತ್ತಿ ಕುಕ್ಕುತ್ತದೆ, ನಡುಗಿಸುತ್ತದೆ, ಬೋಲ್ಟ್ ಸಡಿಲ ಮಾಡುತ್ತದೆ.

ಇನ್ನು ನನ್ನ ಆ 12 ಪ್ಯಾನೆಲ್‌ಗಳ ಕಥೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಈ ಹುಣ್ಣಿಗೆ ಬೇಕು. ಪ್ಯಾನೆಲ್ ಒಳಗೆ ಕರೆಂಟ್ ಹುಟ್ಟಿಸುವ ಸಿಲಿಕಾನ್ ಬಿಲ್ಲೆಯ ದಪ್ಪ ಸುಮಾರು ಒಂದೂವರೆ ನೂರು ಮೈಕ್ರಾನ್, ಎರಡು ತಲೆಗೂದಲು ಒಟ್ಟಿಗಿಟ್ಟಷ್ಟು. ಗಾಜು ಬಾಗಿ ಮತ್ತೆ ಸರಿಯಾದರೂ ಅದರ ಕೆಳಗಿನ ಬಿಲ್ಲೆ ಬಿರುಕು ಬಿಡಬಹುದು. ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಸಿಲಿಗೆ ಹಿಗ್ಗಿ, ರಾತ್ರಿಗೆ ಕುಗ್ಗಿ, ತಿಂಗಳುಗಟ್ಟಲೆ ಆದ ಮೇಲೆ ಬಿರುಕಿನ ಆಚೆ ಬದಿ ಕರೆಂಟ್ ದಾರಿಯಿಂದ ಕಡಿದುಹೋಗುತ್ತದೆ. ಆ ಜಾಗ ಕಾದು ಕಪ್ಪಾಗುವುದೂ ಉಂಟು.

ಇದನ್ನು ನೋಡಲು ಒಂದು ಉಪಾಯವಿದೆ. ಕತ್ತಲೆಯಲ್ಲಿ ಪ್ಯಾನೆಲ್‌ಗೇ ಕರೆಂಟ್ ಕೊಡಬೇಕು. ಆಗ ಅದು ಬೆಳಕು ಹೀರುವ ಬದಲು ತಾನೇ ಬೆಳಗುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ. ಅದಕ್ಕೆಂದೇ ಇರುವ ಕ್ಯಾಮೆರಾದಲ್ಲಿ ಹಿಡಿದರೆ ಒಳ್ಳೆಯ ಭಾಗ ಬೆಳ್ಳಗೆ, ಸತ್ತ ಭಾಗ ಕಪ್ಪಗೆ. ಇಎಲ್ ಚಿತ್ರ ಅಂತಾರೆ, ಅಂದರೆ ಎಲೆಕ್ಟ್ರೋಲ್ಯೂಮಿನೆಸೆನ್ಸ್. ಪ್ಯಾನೆಲ್‌ನ ಎಕ್ಸ್‌ರೇ ಅನ್ನಿ. ನನ್ನ ಕೈಯಿಂದಲೇ ದುಡ್ಡು ಕೊಟ್ಟು ತೆಗೆಸಿದೆ. 12ರಲ್ಲಿ ಐದರಲ್ಲಿ ಒಣಗಿದ ಕೆರೆಯಂತೆ ಬಿರುಕುಗಳು. ಏಳನೇ ಪ್ಯಾನೆಲ್‌ನದ್ದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಚಿತ್ರ ಕಂಪನಿಗೆ ಕಳಿಸಿದೆ. ಈ ಬಿರುಕು ಆಲಿಕಲ್ಲಿನಿಂದ ಆಗಿರಬಹುದು, ಹಾಕುವಾಗ ಯಾರೋ ಮೇಲೆ ಕಾಲಿಟ್ಟಿರಬಹುದು, ಸಾಗಿಸುವಾಗ ಆಗಿರಬಹುದು, ನಮ್ಮಲ್ಲಿಂದ ಹೊರಟಾಗ ಇರಲಿಲ್ಲ ಅಂದರು. ವಿಮೆಯವರು ಗಾಜು ಒಡೆದರೆ ಮಾತ್ರ ಕೊಡುತ್ತೇವೆ, ಒಳಗಿನ ಬಿರುಕು ನಮ್ಮ ಪಾಲಿಸಿಯಲ್ಲಿ ಇಲ್ಲ ಅಂದರು. ಒಬ್ಬರಿಗೆ ಅದು ಹವಾಮಾನದ ಹಾನಿ, ಇನ್ನೊಬ್ಬರಿಗೆ ಹಾನಿಯೇ ಅಲ್ಲ. ಅವರು ಅತ್ತ ನೂಕಿದರು, ಇವರು ಇತ್ತ ನೂಕಿದರು. ನಡುವೆ ನಾನು.

'ನಮ್ಮಲ್ಲಿಂದ ಹೊರಟಾಗ ಇರಲಿಲ್ಲ' ಅನ್ನುವ ಮಾತು ಮಾತ್ರ ನನ್ನ ಕಿವಿ ನೆಟ್ಟಗೆ ಮಾಡಿತು. ಅದು ನಿಮಗೆ ಹೇಗೆ ಗೊತ್ತು? ಗೊತ್ತಿರುತ್ತದೆ, ಯಾಕೆಂದರೆ ಈಗಿನ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಪ್ಯಾನೆಲ್‌ನ ಇಎಲ್ ಚಿತ್ರ ತೆಗೆದೇ ಪೆಟ್ಟಿಗೆಗೆ ಹಾಕುತ್ತೀರಿ. ಅದು ಎಷ್ಟು ವಾಟ್ ಕೊಟ್ಟಿತು ಅಂತ ಅಳೆದು, ಸೀರಿಯಲ್ ನಂಬರ್ ಎದುರು ಬರೆದಿಡುತ್ತೀರಿ. ಹುಟ್ಟಿದ ದಿನದ ಫೋಟೋ ನಿಮ್ಮ ಹತ್ತಿರ ಇದೆ. ಅದನ್ನು ಕೊಂಡವರಿಗೆ ಯಾಕೆ ಕೊಡುವುದಿಲ್ಲ? ಕೊಟ್ಟಿದ್ದರೆ, ಹಾಕಿಸಿದ ವಾರವೇ ಇನ್ನೊಂದು ಚಿತ್ರ ತೆಗೆಸಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೆ. ಸಾಗಾಟದಲ್ಲಿ ಆದದ್ದು, ಹಾಕುವಾಗ ಆದದ್ದು, ಮಳೆಗಾಲದಲ್ಲಿ ಆದದ್ದು ಎಲ್ಲ ಬೇರೆ ಬೇರೆಯಾಗಿ ಕಾಣುತ್ತಿತ್ತು.

'ಹಾಗಾದರೆ ಉತ್ಪಾದನೆ ಇಳಿದದ್ದಕ್ಕೆ ಪರ್ಫಾರ್ಮೆನ್ಸ್ ವಾರಂಟಿ ಇದೆಯಲ್ಲ' ಅಂತ ಕೇಳುವವರಿದ್ದಾರೆ. ಅವರಿಗೆ ಪತ್ರದಲ್ಲಿರುವ ಎರಡು ವಾರಂಟಿಗಳ ವ್ಯತ್ಯಾಸ ಹೇಳಬೇಕು. ಸಾಮಾನು ಸರಿಯಿಲ್ಲ, ಕೆಲಸ ಸರಿಯಿಲ್ಲ ಅನ್ನೋದಕ್ಕೆ ಒಂದು, ಬಹುತೇಕ 10, 12 ಅಥವಾ 15 ವರ್ಷ. ಗೋಡೆಯ ಮೇಲೆ ಬರೆಯುವ ಆ 25 ಅಥವಾ 30 ಇನ್ನೊಂದರದ್ದು, ಅಂದರೆ ಪರ್ಫಾರ್ಮೆನ್ಸ್ ವಾರಂಟಿಯದ್ದು. ಮೊದಲ ವರ್ಷ ಶೇ 2ರ ಆಸುಪಾಸು, ಆಮೇಲೆ ವರ್ಷಕ್ಕೆ ಶೇ ಅರ್ಧದಷ್ಟು ಇಳಿಯಬಹುದು, ಅದಕ್ಕಿಂತ ಜಾಸ್ತಿ ಇಳಿದರೆ ನಾವಿದ್ದೇವೆ ಅನ್ನುವ ಮಾತು. ಆದರೆ ನಾಲ್ಕನೇ ಪುಟದ ಪಟ್ಟಿ ಇದಕ್ಕೂ ಅನ್ವಯಿಸುತ್ತದೆ. ಇಳಿದದ್ದನ್ನು ತೋರಿಸಬೇಕಾದವನು ನಾನು. ಪ್ಯಾನೆಲ್ ಬಿಚ್ಚಿಸಿ, ಒಪ್ಪಿತ ಪ್ರಯೋಗಾಲಯಕ್ಕೆ ಕಳಿಸಿ, 25 ಡಿಗ್ರಿ ಶಾಖದಲ್ಲಿ, ಚದರ ಮೀಟರಿಗೆ 1000 ವಾಟ್ ಬೆಳಕಿನಲ್ಲಿ ಅಳೆಸಬೇಕು. ಅಳತೆಯಲ್ಲಿ ಶೇ 3ರಷ್ಟು ತಪ್ಪಿರಬಹುದು ಅಂತ ಅದನ್ನೂ ನಿಮ್ಮ ಪರವಾಗಿ ಕಳೆಯುತ್ತೀರಿ. ಮಾತು ಕೊಟ್ಟದ್ದು ಶೇ 95, ಅಳೆದಾಗ ಬಂದದ್ದು 93 ಅಂದರೆ ಏನೂ ಸಿಗುವುದಿಲ್ಲ. ಬಿಚ್ಚುವ ಕೂಲಿ, ಸಾಗಾಟ, ಮತ್ತೆ ಹಾಕುವ ಕೂಲಿ, ಎಲ್ಲ ನನ್ನದೇ. ಒಂದು ಪ್ಯಾನೆಲ್ ಗೆಲ್ಲುವ ಹೊತ್ತಿಗೆ ಹೊಸದೊಂದರ ಖರ್ಚು ಕೈಬಿಟ್ಟಿರುತ್ತದೆ.

ನಮ್ಮ ಕಡೆಯ ತಪ್ಪುಗಳನ್ನೂ ಹೇಳಬೇಕು. ಬೇಸಿಗೆಯಲ್ಲಿ ಉತ್ಪಾದನೆ ಇಳಿಯಿತು ಅಂತ ನಿಮಗೆ ಫೋನ್ ಮಾಡಿ ಜಗಳ ಆಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಪ್ಯಾನೆಲ್ 65 ಡಿಗ್ರಿಗೆ ಕಾದರೆ, 25ರ ಮೇಲಿನ ಪ್ರತಿ ಡಿಗ್ರಿಗೆ ಶೇ 0.35ರ ಲೆಕ್ಕದಲ್ಲಿ, ಶೇ 14ರಷ್ಟು ಶಕ್ತಿ ಹಾಗೆಯೇ ಕಡಿಮೆ. ಅದು ದೋಷ ಅಲ್ಲ, ಸಿಲಿಕಾನ್‌ನ ಸ್ವಭಾವ. ಒರೆಸುತ್ತೇನೆ ಅಂತ ಪ್ಯಾನೆಲ್ ಮೇಲೆ ಹತ್ತಿ ನಿಲ್ಲುವವರಿದ್ದಾರೆ. ಜೋರು ನೀರಿನ ಗನ್ ಹಿಡಿಯುವವರಿದ್ದಾರೆ. ಸಿಡಿಲಿಗೆ ಇನ್ವರ್ಟರ್ ಸುಟ್ಟಿತು ಅಂತ ಅಳುವವರ ಮನೆಯಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ, ಸರ್ಜ್ (ದಿಢೀರನೆ ಏರುವ ವೋಲ್ಟೇಜ್) ತಡೆಯುವ ಸಾಧನ ಇರುವುದೇ ಇಲ್ಲ. ಇವಕ್ಕೆ ನೀವು ಹೊಣೆ ಅಲ್ಲ.

ಆದರೆ ಹವಾಮಾನ ಯಾವುದು, ಸಾಮಾನಿನ ದೋಷ ಯಾವುದು ಅನ್ನುವ ಗೆರೆ ನೀವು ಹೇಳುವಷ್ಟು ಸುಲಭವಾಗಿ ಎಳೆಯಲು ಬರುವುದಿಲ್ಲ. 2010ರ ಆಸುಪಾಸಿನಲ್ಲಿ ಪಾಲಿಅಮೈಡ್ (ನೈಲಾನ್ ಜಾತಿಯ ಪ್ಲಾಸ್ಟಿಕ್) ಹಿಂಬದಿ ಹಾಳೆ ಹಾಕಿದ ಪ್ಯಾನೆಲ್‌ಗಳು ಬಂದಿದ್ದವು ನೆನಪಿದೆಯೇ? ಕೆಲವೇ ವರ್ಷಗಳಲ್ಲಿ ಆ ಹಾಳೆಗಳು ಸೀಳಿ ಪುಡಿಯಾಗತೊಡಗಿದವು. ಸೀಳಿಸಿದ್ದು ಬಿಸಿಲು, ತೇವ, ಶಾಖ. ಅಂದ ಮಾತ್ರಕ್ಕೆ ಅದು ಹವಾಮಾನದ ತಪ್ಪೇ? ಅವೂ ಪರೀಕ್ಷೆ ಪಾಸಾಗಿದ್ದವೇ. 85 ಡಿಗ್ರಿ ಶಾಖ, ಶೇ 85 ತೇವದಲ್ಲಿ 1000 ಗಂಟೆ. ಎಷ್ಟು ದೊಡ್ಡದಾಗಿ ಕೇಳಿಸಿದರೂ 1000 ಗಂಟೆ ಅಂದರೆ 42 ದಿನ.

ಕಂಪನಿಯೇ ಮುಚ್ಚಿದರೆ ಏನು ಗತಿ ಅನ್ನೋದು ಇನ್ನೊಂದು ಪತ್ರಕ್ಕಾಗುವಷ್ಟಿದೆ. ಜರ್ಮನಿಯ ಸೋಲಾರ್‌ವರ್ಲ್ಡ್ 2017ರಲ್ಲಿ, ಅಮೆರಿಕದ ಸನ್‌ಪವರ್ 2024ರಲ್ಲಿ ದಿವಾಳಿ ಅರ್ಜಿ ಹಾಕಿದವು. ಅವೇನೂ ಹೆಸರಿಲ್ಲದ ಕಂಪನಿಗಳಲ್ಲ.

ನಾನು ಕೇಳುವುದು ಇಷ್ಟು. ಪರೀಕ್ಷೆಯಲ್ಲಿ ಪಾಸಾದ ಸಂಖ್ಯೆಯನ್ನೇ ವಾರಂಟಿಯ ಗೆರೆ ಮಾಡಿ. 25 ಮಿ.ಮೀ.ಗೆ ಪಾಸಾಗಿದ್ದರೆ 25ರವರೆಗೆ ನಿಮ್ಮದು, ಅದರ ಮೇಲಿನದ್ದು ವಿಮೆಯವರದ್ದು. ಅದೇ ಐಇಸಿ ಮಾನದಂಡದಲ್ಲಿ 35, 45, 55, 65, 75 ಮಿ.ಮೀ. ಗುಂಡುಗಳಿಗೂ ವೇಗ, ತೂಕ ಗೊತ್ತುಮಾಡಿದ್ದಾರೆ. ನಿಮ್ಮ ಪ್ಯಾನೆಲ್ 45 ತಡೆದರೆ ಹಾಗಂತ ಬರೆಯಿರಿ. ನಾವು ಹತ್ತಿರದ ಹವಾಮಾನ ಕೇಂದ್ರದ ದಾಖಲೆ ತರುತ್ತೇವೆ, ಫೋಟೋ ತರುತ್ತೇವೆ. ಕಲ್ಲು ನಿಜಕ್ಕೂ ದೊಡ್ಡದಿದ್ದರೆ ಸುಮ್ನೆ ಮನೆಗೆ ಹೋಗುತ್ತೇವೆ. ಗಾಳಿಗೂ ಹಾಗೆಯೇ: ಪರೀಕ್ಷೆಯ ಭಾರ ಪಕ್ಕಕ್ಕಿಟ್ಟು, ಪ್ಯಾನೆಲ್ ಹೊರಬೇಕಾದ ಭಾರವನ್ನು ದಪ್ಪಕ್ಷರದಲ್ಲಿ, ಕ್ಲ್ಯಾಂಪ್ ಎಲ್ಲಿ ಹಾಕಬೇಕು ಅನ್ನುವ ಚಿತ್ರದ ಜೊತೆ ಹಾಕಿ. ದೂರು ನಿಜ ಅಂತ ಗೊತ್ತಾದರೆ ಪರೀಕ್ಷೆಯ ಖರ್ಚು, ಬಿಚ್ಚುವ ಹಾಕುವ ಕೂಲಿ ನೀವು ಕೊಡಿ. ಸುಳ್ಳಾದರೆ ನಾವು ಕೊಡುತ್ತೇವೆ.

ಇದನ್ನು ಓದುತ್ತಿರುವ, ಮನೆ ಮೇಲೆ ಪ್ಯಾನೆಲ್ ಇರುವವರಿಗೂ ಎರಡು ಮಾತು. ಸೀರಿಯಲ್ ನಂಬರ್‌ಗಳ ಫೋಟೋ ಇವತ್ತೇ ತೆಗೆದಿಡಿ. ಅಂಟಿಸಿದ ಚೀಟಿ ಬಿಸಿಲಿಗೆ ಮಾಸಿ ನಂಬರ್ ಓದಲು ಬರದಿದ್ದರೆ ವಾರಂಟಿ ರದ್ದು ಅನ್ನುವ ಸಾಲೂ ಹಲವು ಪತ್ರಗಳಲ್ಲಿದೆ. ಗಾಜು ಒಡೆದ ಪ್ಯಾನೆಲ್ ಸತ್ತಿರುತ್ತದೆ ಅಂದುಕೊಳ್ಳಬೇಡಿ. ಬೆಳಕು ಬಿದ್ದರೆ ಅದು ಕರೆಂಟ್ ಕೊಡುತ್ತಲೇ ಇರುತ್ತದೆ. ಒದ್ದೆಯಾಗಿದ್ದರಂತೂ ಹತ್ತಿರವೇ ಹೋಗಬೇಡಿ, ಬಲ್ಲವರನ್ನು ಕರೆಸಿ.

ಮತ್ತೆ ನಿಮಗೆ. ನನ್ನ ಹಳೆಯ ದೂರು ನಿಮ್ಮಲ್ಲೊಬ್ಬರ ಹತ್ತಿರ 'ಮುಕ್ತಾಯವಾಗಿದೆ' ಅಂತ ಗುರುತು ಹಾಕಿಸಿಕೊಂಡು ಮಲಗಿದೆ. ಅವರು ಯಾರು ಅಂತ ಅವರಿಗೇ ಗೊತ್ತು. ಏಳನೇ ಪ್ಯಾನೆಲ್‌ನ ಸೀರಿಯಲ್ ನಂಬರ್ ಆ ದೂರಿನಲ್ಲೇ ಇದೆ. ಕಾರ್ಖಾನೆಯಿಂದ ಹೊರಟ ದಿನ ತೆಗೆದ ಅದರ ಚಿತ್ರವನ್ನು ನನಗೆ ಕಳಿಸಿ. ಆಮೇಲಿನದ್ದು ನನ್ನ ಹತ್ತಿರ ಇದೆ. ಪಕ್ಕಪಕ್ಕ ಇಟ್ಟು ಇಬ್ಬರೂ ನೋಡೋಣ.

ಇಂತಿ,
14ರಲ್ಲಿ 12 ಪ್ಯಾನೆಲ್ ಉಳಿಸಿಕೊಂಡಿರುವ ಒಬ್ಬ ಗ್ರಾಹಕ